ಹನ್ನೊಂದನೆಯ ಸುತ್ತು

ಟ್ಯಾನರ್ ಕೌಂಟಿಯ ಕಾಲೇಜು ಹಿಂದೆ ಸೂಪರ್ ಮಾರ್ಕೆಟ್ ಆಗಿತ್ತು. ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಬಾಯಿ ಮುಚ್ಚಿದವು, ಜನ ಒಬ್ಬೊಬ್ಬರಾಗಿ ಊರು ಬಿಟ್ಟರು, ಕೊನೆಗೆ ಅಂಗಡಿಯವನೂ ಶಟರ್ ಎಳೆದ. ಖಾಲಿ ಕಟ್ಟಡ ಯಾರಿಗೂ ಬೇಡವಾದಾಗ ವಿದ್ಯೆಗೆ ಕೊಟ್ಟರು. ತರಕಾರಿ ಇದ್ದಲ್ಲಿ ಈಗ ಬೀಜಗಣಿತ, ಹಾಲು ಮೊಸರು ಇದ್ದಲ್ಲಿ ನರ್ಸಿಂಗ್, ಮಾಂಸ ಕಡಿದು ತೂಗುತ್ತಿದ್ದ ಮೂಲೆಯಲ್ಲಿ ಡ್ರೀಮಾ ಲಿಲ್ಲಿಯ ಮೇಜು. ಅಲ್ಲಿ ತೂಗುವ ಕೆಲಸ ನಿಂತಿರಲಿಲ್ಲ. ಸರಕು ಬದಲಾಗಿತ್ತು, ಅಷ್ಟೆ.

ಪಶ್ಚಿಮ ವರ್ಜೀನಿಯಾ ರಾಜ್ಯ ಒಂದು ಪಣ ತೊಟ್ಟಿತ್ತು. ದುಡಿಯುವ ವಯಸ್ಸಿನ ನೂರು ಜನರಲ್ಲಿ ಅರವತ್ತು ಜನರ ಕೈಯಲ್ಲಿ ಹೈಸ್ಕೂಲು ದಾಟಿದ ಒಂದು ಕಾಗದ ಇರಬೇಕು. ಟ್ಯಾನರ್ ಕೌಂಟಿಯಲ್ಲಿ ಆ ಸಂಖ್ಯೆ ಹತ್ತೊಂಬತ್ತಕ್ಕೆ ಬಂದು ಕಾಲು ಮುರಿದುಕೊಂಡು ಕೂತಿತ್ತು. ಉಳಿದವರನ್ನು ಹೊಸದಾಗಿ ಹೆತ್ತು, ಸಾಕಿ, ಕಾಲೇಜಿಗೆ ಕಳಿಸುವಷ್ಟು ಪುರುಸೊತ್ತು ಸರ್ಕಾರಕ್ಕಿರಲಿಲ್ಲ. ಹೊಸ ಬೆಳೆ ಬೇಡ, ಹಳೆ ಗದ್ದೆಯಲ್ಲಿ ಉದುರಿದ ಕಾಳು ಆಯೋಣ ಎಂದು ರಾಜಧಾನಿಯವರು ತೀರ್ಮಾನಿಸಿದರು. ಯಾವತ್ತೋ ಕಾಲೇಜು ಸೇರಿ, ಒಂದೋ ಎರಡೋ ಕೋರ್ಸು ಬಾಕಿ ಇರುವಾಗ ಬಿಟ್ಟವರನ್ನು ಹುಡುಕಿ ಫೋನ್ ಮಾಡಿ ಕರೆಯುವುದು, ಇಪ್ಪತ್ತೈದರಿಂದ ಅರವತ್ತನಾಲ್ಕರವರೆಗೆ. ಅದಕ್ಕಿಂತ ಮುದುಕರು ಪದವಿ ಪಡೆದರೂ ಲೆಕ್ಕಕ್ಕೆ ಬರುವುದಿಲ್ಲ. ಗಣಿಯ ಕಾಲ ಹೋಗಿ ಗಣತಿಯ ಕಾಲ ಬಂದಿತ್ತು.

ಕಾಳು ಆಯುವ ಕೆಲಸ ಡ್ರೀಮಾಳದು.

"ಟ್ರಿಶಾ ಬ್ಲಾಂಕೆನ್‌ಶಿಪ್ ಅವರಾ? ಕಾಲೇಜಿಂದ ಮಾತಾಡ್ತಿರೋದು. ನಿಮ್ ಪದವಿಗೆ ಇನ್ನು ಎರಡೇ ಎರಡು ಕೋರ್ಸ್ ಬಾಕಿ ಇದೆ."

"ನಾನು ಬಿಟ್ಟಿದ್ದು ಯಾವಾಗ?"

"ತೊಂಬತ್ತೊಂಬತ್ತರಲ್ಲಿ."

"ಆವಾಗ ಹೊಟ್ಟೇಲಿದ್ದ ಮಗೀಗೇ ಈಗ ಎರಡು ಮಕ್ಕಳು ಕಣಮ್ಮ. ನಿಮ್ ಎರಡು ಕೋರ್ಸ್ ಅವಕ್ಕೊಂದೊಂದು ಹಂಚಿಬಿಡಿ."

ಇಂಥವರು ಪರವಾಗಿಲ್ಲ, ಬೈದಾದರೂ ಮಾತಾಡುತ್ತಿದ್ದರು. ಇನ್ನು ಕೆಲವು ಮನೆಗಳಲ್ಲಿ ಹೆಂಡತಿಯೋ ತಾಯಿಯೋ ಫೋನ್ ಎತ್ತುತ್ತಿದ್ದಳು. "ಅವನು ಮನೇಲಿಲ್ಲ." "ಎಷ್ಟೊತ್ತಿಗೆ ಬರ್ತಾರೆ?" "ಬರಲ್ಲ. ಮಾರ್ಚ್‌ನಲ್ಲಿ ಮಣ್ಣು ಮಾಡಿದ್ವಿ." ಅಂಥವರ ಹೆಸರಿನ ಮುಂದೆ ಹಾಕಲು ಡ್ರೀಮಾಳ ಕಂಪ್ಯೂಟರಿನಲ್ಲಿ ಒಂದು ಬೇರೆ ಚೌಕ ಇತ್ತು. ಅದರಲ್ಲಿ ಗುರುತು ಹಾಕಿದರೆ ಆ ಮನುಷ್ಯ ಪದವಿ ಇಲ್ಲದವರ ಸಾಲಿನಿಂದ ಮಾಯವಾಗುತ್ತಿದ್ದ, ನೂರಕ್ಕೆ ಇಷ್ಟು ಎಂಬ ಸಂಖ್ಯೆ ಕೂದಲೆಳೆಯಷ್ಟು ಮೇಲೇರುತ್ತಿತ್ತು.

ರಾಜಧಾನಿಯಿಂದ ತಿಂಗಳಿಗೊಮ್ಮೆ ಡಾಕ್ಟರ್ ಆಲ್ಡ್ರಿಜ್ ಬರುತ್ತಿದ್ದ. ಔಷಧಿ ಡಾಕ್ಟರಲ್ಲ, ಅಂಕಿ ಅಂಶದ ಡಾಕ್ಟರು; ಅಂಕಿಗಳೆಲ್ಲ ಅವನ ಅಂಕೆಯಲ್ಲಿದ್ದವು. ಪದವೀಧರರು ಹೆಚ್ಚಾದ ರಾಜ್ಯದಲ್ಲಿ ಜನ ಹೆಚ್ಚು ದುಡಿಯುತ್ತಾರೆ, ಹೆಚ್ಚು ವರ್ಷ ಬದುಕುತ್ತಾರೆ, ಕಡಿಮೆ ಕುಡಿಯುತ್ತಾರೆ, ಮಾತ್ರೆ ನುಂಗಿ ಸಾಯುವುದಿಲ್ಲ, ತಪ್ಪದೆ ಓಟು ಹಾಕುತ್ತಾರೆ, ಅವರ ಮದುವೆ ಮುರಿಯುವುದಿಲ್ಲ ಎಂದು ಬಣ್ಣದ ಕಂಬಗಳನ್ನು ತೋರಿಸುತ್ತಿದ್ದ. ಡ್ರೀಮಾ ನಗುತ್ತಿರಲಿಲ್ಲ. ಏಕೆಂದರೆ ಅದು ನಿಜ. ಅವಳ ಪಟ್ಟಿಯೇ ಸಾಕ್ಷಿ. ಕಾಗದ ಸಿಕ್ಕವರೆಲ್ಲ ಗಟ್ಟಿಮುಟ್ಟಾಗಿ, ಹಲ್ಲು ಉದುರದೆ, ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದರು. ಆದರೆ ಬೇರೆ ರಾಜ್ಯಗಳಲ್ಲಿ, ಷಾರ್ಲೆಟ್‌ನಲ್ಲಿ, ಕೊಲಂಬಸ್‌ನಲ್ಲಿ. ಸಿಗದವರು ಟ್ಯಾನರ್ ಕೌಂಟಿಯಲ್ಲೇ ಇದ್ದರು, ಅರ್ಧ ನೆಲದ ಮೇಲೆ, ಅರ್ಧ ಕೆಳಗೆ.

ಆ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನೆಯ ಹೆಸರು ಓಕಿ ಕೋಗರ್. ಅವಳ ಸ್ವಂತ ಅಣ್ಣ. ಗಂಡ ಬಿಟ್ಟುಹೋದ ಮೇಲೆ ಅವಳು ಇದ್ದದ್ದು ಅವನ ಮನೆಯಲ್ಲೇ.

ಓಕಿ ಮೂವತ್ತು ವರ್ಷ ಗಣಿಯೊಳಗಿದ್ದವನು. ಅದರಲ್ಲಿ ಹತ್ತೊಂಬತ್ತು ವರ್ಷ ಅವನ ಕೆಲಸ ಪಾಳಿ ಶುರುವಾಗುವ ಮುಂಚೆ ಒಬ್ಬನೇ ಒಳಗೆ ಹೋಗಿ ನೋಡಿಕೊಂಡು ಬರುವುದು: ವಿಷಗಾಳಿ ಇದೆಯೇ, ತಲೆಯ ಮೇಲಿನ ಕಲ್ಲು ಬಿಗಿಯಾಗಿದೆಯೇ. ನೋಡಿದ ಪ್ರತಿ ಜಾಗದಲ್ಲೂ ಸೀಮೆಸುಣ್ಣದಲ್ಲಿ ತನ್ನ ಹೆಸರಿನ ಎರಡಕ್ಷರ, ತಾರೀಖು ಬರೆಯಬೇಕು. ಆ ಅಕ್ಷರ ಇದ್ದರೆ ಮಾತ್ರ ಉಳಿದವರು ಕಾಲಿಡುವುದು. ಶ್ವಾಸಕೋಶದ ತುಂಬ ಕಪ್ಪು ಧೂಳು ತುಂಬಿಕೊಂಡು ಮೇಲೆ ಬಂದ ನಂತರ ಹನ್ನೊಂದು ವರ್ಷ ಕೌಂಟಿಯ ವೃತ್ತಿಶಾಲೆಯಲ್ಲಿ ಪಾಠ ಹೇಳಿದ. ಉಳಿದಿದ್ದ ಎರಡು ಗಣಿಗಳಿಗೆ ಹೊಸದಾಗಿ ಸೇರುವವರು ಒಳಗೆ ಇಳಿಯುವ ಮುಂಚೆ ಎಂಬತ್ತು ಗಂಟೆ ಕೂತು ಕಲಿಯಬೇಕು. ಕಲಿಸುವವನು ಓಕಿ. ಆ ಹನ್ನೊಂದು ವರ್ಷ ಅವನು ಕೆಮ್ಮಿದ್ದು ಕಡಿಮೆ, ಮಾತಾಡಿದ್ದು ಹೆಚ್ಚು. ಬೆಳಗ್ಗೆ ಎದ್ದು ಗಡ್ಡ ಕೆರೆದುಕೊಂಡು ಇಸ್ತ್ರಿ ಅಂಗಿ ಹಾಕುತ್ತಿದ್ದ.

ಹೋದ ಬೇಸಿಗೆಯಲ್ಲಿ ಹೊಸ ನಿಯಮ ಬಂತು. ಕಲಿಸುವವರ ಗುಣಮಟ್ಟ ಹೆಚ್ಚಿಸಲು ಕನಿಷ್ಠ ಎರಡು ವರ್ಷದ ಪದವಿ ಕಡ್ಡಾಯ. ಓಕಿಯ ಕುರ್ಚಿಗೆ ಕೋಲ್ಟನ್ ಫೆರಲ್ ಎಂಬ ಇಪ್ಪತ್ತಾರರ ಪದವೀಧರ ಬಂದ. ವ್ಯವಹಾರ ನಿರ್ವಹಣೆ ಓದಿದವನು. ಗಣಿಯನ್ನು ಅವನು ನೋಡಿದ್ದು ಪ್ರವಾಸಿಗರನ್ನು ಕೂರಿಸಿಕೊಂಡು ಒಳಗೆ ಒಂದು ಸುತ್ತು ಹಾಕಿಸುವ ಪುಟಾಣಿ ರೈಲಿನಲ್ಲಿ.

ಓಕಿ ಅಂಗಿ ಇಸ್ತ್ರಿ ಮಾಡುವುದು ಬಿಟ್ಟ. ವರಾಂಡದ ಕುರ್ಚಿಯಲ್ಲಿ ಕೂತು ರಸ್ತೆ ನೋಡತೊಡಗಿದ. ಹಾಗೆ ಕೂತವರು ಆಮೇಲೆ ಎಲ್ಲಿಗೆ ಹೋಗುತ್ತಾರೆಂದು ಡ್ರೀಮಾಳಿಗೆ ಗೊತ್ತಿತ್ತು. ದಿನವೂ ಗುರುತು ಹಾಕುತ್ತಿದ್ದವಳು ಅವಳೇ ತಾನೆ.

ಒಂದು ಸಂಜೆ ಅವನ ಹಳೆಯ ದಾಖಲೆಯನ್ನು ಕಾಲೇಜಿನಿಂದ ತಂದು ಅವನ ಮುಂದೆ ಹಿಡಿದಳು. ಚಿಕ್ಕಂದಿನಿಂದ ಅವನು ಅವಳಿಗೆ ಬಬ್, ಅವಳು ಅವನಿಗೆ ಸಿಸ್. "ಬಬ್, ನೋಡಿಲ್ಲಿ. ಎಂಬತ್ತೆರಡರಿಂದ ಎಂಬತ್ನಾಲ್ಕರ ತನಕ ನೀನು ಎಲ್ಲಾ ಪಾಸ್ ಮಾಡಿದೀಯ. ಒಂದೇ ಒಂದು ಕ್ರೆಡಿಟ್ ಬಾಕಿ."

"ಯಾವ್ದದು, ಗಣಿತಾನಾ?"

"ಪಿ.ಟಿ."

ಓಕಿ ಅವಳ ಮುಖ ನೋಡಿದ. ಆಮೇಲೆ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವುದಕ್ಕೆ ಒಂದು ಲೋಟ ನೀರು ಬೇಕಾಯಿತು. "ಜ್ಞಾಪಕ ಬಂತು ಸಿಸ್. ಬೆಳಗ್ಗೆ ಆರಕ್ಕೆ ಇರ್ತಿತ್ತು ಆ ಕ್ಲಾಸು. ನಾನು ರಾತ್ರಿಯೆಲ್ಲ ಮೂರಡಿ ಎತ್ತರದ ಸುರಂಗದಲ್ಲಿ ಮಂಡಿ ಮೇಲೆ ತೆವಳಿ ಮೇಲೆ ಬರೋನು. ಆ ಮೇಷ್ಟ್ರು 'ವ್ಯಾಯಾಮ ಸಾಲ್ದು ನಿಂಗೆ' ಅಂದ. ಹೋಗಲೋ ಅಂತ ಬಿಟ್ಟೆ."

"ಆಲ್ಡ್ರಿಜ್ ಹೇಳ್ತಾರೆ, ಪದವಿ ಇದ್ದೋರ ಮದ್ವೆನೂ ಮುರಿಯಲ್ವಂತೆ."

"ಹಾಗಾದ್ರೆ ವಾನೀಟಾ ನನ್ನ ಬಿಟ್ಟು ಹೋಗಿದ್ದು ಪಿ.ಟಿ. ಮೇಷ್ಟ್ರ ತಪ್ಪು ಅನ್ನು. ನಲವತ್ತು ವರ್ಷ ಸುಮ್ನೆ ನನ್ನೇ ಬೈಕೊಂಡೆ."

ಜನವರಿ ಒಂಬತ್ತಕ್ಕೆ ಓಕಿಗೆ ಅರವತ್ತೈದು ತುಂಬುತ್ತಿತ್ತು. ಡಿಸೆಂಬರಿನೊಳಗೆ ಆದರೆ ಆಯಿತು, ಇಲ್ಲದಿದ್ದರೆ ಯೋಜನೆಯ ಬಾಗಿಲು ಅವನ ಮೂಗಿನ ಮುಂದೆ ಮುಚ್ಚುತ್ತದೆ. ಕಾಯಿಲೆಯವರಿಗೆ ಪಿ.ಟಿ.ಯಿಂದ ವಿನಾಯಿತಿ ಇದೆ ಎಂದು ಗೊತ್ತಾಗಿ ಡ್ರೀಮಾ ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎರಡು ಅರ್ಜಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಳು. ಕಾಲೇಜಿನ ಅರ್ಜಿ: ಈ ವ್ಯಕ್ತಿಗೆ ಶಾಶ್ವತವಾಗಿ ಕೈಲಾಗುವುದಿಲ್ಲ ಎಂದು ಪ್ರಮಾಣೀಕರಿಸಿ. ವೃತ್ತಿಶಾಲೆಯ ಅರ್ಜಿ: ಈ ವ್ಯಕ್ತಿಯ ಮೇಲೆ ಅಂಥ ಯಾವ ಪ್ರಮಾಣಪತ್ರವೂ ಇಲ್ಲ ಎಂದು ಪ್ರಮಾಣೀಕರಿಸಿ.

"ಆಗಲ್ಲ ಅಂತ ಬರೀಲಾ, ಆಗುತ್ತೆ ಅಂತ ಬರೀಲಾ, ಓಕಿ? ಒಂದೇ ಪೆನ್ನಲ್ಲಿ ಎರಡೂ ಬರಿಯೋಕಾಗಲ್ಲ."

"ಇನ್ನೊಂದ್ ಪೆನ್ ತಂದ್ಕೊಡ್ಲಾ?" ಎಂದ ಓಕಿ. ಆದರೆ ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಹೇಳಿದ: "ವಿನಾಯಿತಿ ಬೇಡ ಸಿಸ್. ನಡೆದೇ ತಗೋತೀನಿ."

ಕಾಲೇಜಿನಲ್ಲಿ ಪಿ.ಟಿ. ಎಂದರೆ ನಡಿಗೆಯ ಕ್ಲಾಸು. ಆಟದ ಮೈದಾನ ಇರಲಿಲ್ಲ, ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ ಇತ್ತು. ಅದರ ಸುತ್ತ ಹನ್ನೊಂದು ಸುತ್ತು ಹಾಕಿದರೆ ಒಂದು ಮೈಲಿ. ಕೊನೆಯ ಪರೀಕ್ಷೆ ಅಷ್ಟೆ: ಇಪ್ಪತ್ತೆರಡು ನಿಮಿಷದಲ್ಲಿ ಹನ್ನೊಂದು ಸುತ್ತು. ಮೇಡಮ್ಮು ಬ್ರ್ಯಾಂಡಿ ಸೈಜ್‌ಮೋರ್ ಎಂಬ ಹುಡುಗಿ. ಅವಳಪ್ಪ ಓಕಿಯ ಕೈಕೆಳಗೆ ದುಡಿದವನು. ಕ್ಲಾಸಿನಲ್ಲಿದ್ದ ಉಳಿದ ಆರು ಜನರ ವಯಸ್ಸು ಕೂಡಿದರೆ ಓಕಿಯ ವಯಸ್ಸಿನ ಎರಡರಷ್ಟು ಆಗುತ್ತಿತ್ತು. ಅವರೆಲ್ಲ ಕಿವಿಗೆ ಹಾಡು ಸಿಕ್ಕಿಸಿಕೊಂಡು ಗಾಳಿಯಂತೆ ಹೋಗುತ್ತಿದ್ದರು. ಓಕಿ ಗಾಳಿಗಾಗಿ ಹೋಗುತ್ತಿದ್ದ.

ಆಗಸ್ಟಿನಲ್ಲಿ ಎರಡು ಸುತ್ತಿಗೆ ಬೆಂಚು ಹಿಡಿದ. ಸೆಪ್ಟೆಂಬರಿನಲ್ಲಿ ನಾಲ್ಕು. ಮಳೆ ಬೀಳದ ಹಾಗೆ ಅಂಗಡಿಯ ಮುಂದೆ ಚಾಚಿದ್ದ ಸೂರಿನ ಕೆಳಗೆ ಒಂದು ಕಂಬ ಇತ್ತು. ಪ್ರತಿ ಸುತ್ತು ಮುಗಿದಾಗ ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಕಂಬಕ್ಕೆ ನಡೆಯುತ್ತಲೇ ಒಂದು ಗೀಟು ಎಳೆಯುತ್ತಿದ್ದ, ದಿನದ ಕೊನೆಗೆ ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಯಾರೂ ಅದನ್ನು ಗಮನಿಸುತ್ತಿರಲಿಲ್ಲ; ಹತ್ತೊಂಬತ್ತು ವರ್ಷದ ಚಟ, ಅವನೂ ಗಮನಿಸುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಆರು ಸುತ್ತಾಯಿತು. ಓಕಿ ಮತ್ತೆ ಗಡ್ಡ ಕೆರೆಯತೊಡಗಿದ. ನವೆಂಬರಿನಲ್ಲಿ ಏಳು. ಅಲ್ಲಿಗೆ ನಿಂತಿತು. ಎಷ್ಟು ಒದ್ದಾಡಿದರೂ ಎಂಟಕ್ಕೆ ಏರಲಿಲ್ಲ.

"ಓಕಿ ಅಂಕಲ್, ನಾನ್ ಪಾಸ್ ಅಂತ ಬರ್ದುಬಿಡ್ತೀನಿ," ಎಂದಳು ಬ್ರ್ಯಾಂಡಿ. "ಯಾರ್ ಬಂದು ನೋಡ್ತಾರೆ?"

"ನಿಮ್ಮಪ್ಪ ಇವತ್ತು ಬದುಕಿದಾನಲ್ಲ, ಯಾಕ್ ಹೇಳು? ಹಾಗೆ ಬರೀದೆ ಇದ್ದೋರು ಇದ್ರು ಅಂತ."

ಅವಳಿಗೆ ಅರ್ಥವಾಯಿತು. ಟ್ಯಾನರ್ ಕೌಂಟಿಯಲ್ಲಿ ಹ್ಯಾಸಲ್ ಮೆಡೋಸ್‌ನ ವಿಷಯ ಗೊತ್ತಿಲ್ಲದವರಿಲ್ಲ. ತೊಂಬತ್ತೆಂಟರಲ್ಲಿ, ಓಕಿ ರಜೆಯಲ್ಲಿದ್ದ ವಾರ, ಅವನ ಬದಲಿಗೆ ಬಂದವನು ಒಳಗೆ ನಡೆಯಲು ಸೋಮಾರಿಯಾಗಿ ಹಿಂದಿನ ದಿನವೇ ಮರುದಿನದ ತಾರೀಖು ಬರೆದಿಟ್ಟಿದ್ದ. ಸುಣ್ಣದ ಅಕ್ಷರ ನೋಡಿ ಹ್ಯಾಸಲ್ ಮೆಡೋಸ್ ಕಾಲಿಟ್ಟ. ಮೇಲಿನ ಕಲ್ಲು ಅಕ್ಷರ ಓದಿರಲಿಲ್ಲ. ರಜೆಯಿಂದ ಓಡಿಬಂದು ಅವನನ್ನು ಅಗೆದು ತೆಗೆದವನು ಓಕಿ. ಪ್ರತಿ ತಂಡದ ಮೊದಲ ದಿನ ಓಕಿ ಹೇಳುತ್ತಿದ್ದದ್ದು ಈ ಕಥೆಯೇ. "ಸುಣ್ಣ ಹಚ್ಚೋ ಕೈ ಎಲ್ಲಿರುತ್ತೋ ಕಾಲೂ ಅಲ್ಲೇ ಇರ್ಬೇಕು ಕಣ್ರಯ್ಯ. ಬರೀ ಕೈ ಹೋಯ್ತು ಅಂದ್ರೆ, ಆಮೇಲೆ ಹೆಣ ಬರುತ್ತೆ."

ಡಿಸೆಂಬರ್ ಏಳು, ಶನಿವಾರ ಬೆಳಗ್ಗೆ ಪರೀಕ್ಷೆ. ಹಲ್ಲು ಕಟಕಟಿಸುವ ಚಳಿ. ಬ್ರ್ಯಾಂಡಿ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ಗಡಿಯಾರ ಹಿಡಿದಿದ್ದಳು. ಪ್ರತಿಯೊಬ್ಬರ ಸುತ್ತು ಎಣಿಸಲು ಮನೆಯವರು ಒಬ್ಬರು ಬರಬಹುದಿತ್ತು. ಓಕಿಗೆ ಎಣಿಸಲು ಡ್ರೀಮಾ ನಿಂತಳು.

"ನೀನು ಎಣಿಸ್ತಾ ಇರು ಸಿಸ್. ನನ್ನ ಉಸಿರೆಲ್ಲ ಕಾಲಿಗೆ ಬೇಕು, ತಲೆಗೆ ಕೊಡಕ್ಕಾಗಲ್ಲ."

ಒಂದು. ಎರಡು. ಮೂರು. ಓಕಿಯ ಎದೆಯಿಂದ ಹಳೆಯ ಬಾಗಿಲು ತೆಗೆದ ಹಾಗೆ ಸದ್ದು ಬರತೊಡಗಿತು. ತುಟಿ ನೀಲಿಯಾಗಿತ್ತು. ಡ್ರೀಮಾ ಗಡಿಯಾರ ನೋಡಿದಳು, ಅಣ್ಣನ ಮುಖ ನೋಡಿದಳು. ಮೊದಲೇ ಯೋಚಿಸಿರಲಿಲ್ಲ. ಅವನು ನಾಲ್ಕನೆಯ ಸಲ ಅವಳನ್ನು ದಾಟಿದಾಗ ಬಾಯಿ ತೆರೆದಳು, "ಐದು!" ಎಂಬ ಮಾತು ಹೊರಗೆ ಬಂದಿತ್ತು.

ಬ್ರ್ಯಾಂಡಿ ತಲೆ ಎತ್ತಿದಳು. ಆಮೇಲೆ ಬಗ್ಗಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವುದರಲ್ಲಿ ಮಗ್ನಳಾದಳು. ಅಷ್ಟು ಹೊತ್ತು ಹಿಡಿಯುವ ಕಾಫಿಯನ್ನು ಡ್ರೀಮಾ ಹಿಂದೆ ಕಂಡಿರಲಿಲ್ಲ.

ಆರು. ಎಂಟು. ಒಂಬತ್ತು. "ಹನ್ನೊಂದು!" ಎಂದು ಡ್ರೀಮಾ ಕೂಗಿದಾಗ ಇಪ್ಪತ್ತೊಂದೂವರೆ ನಿಮಿಷ ಆಗಿತ್ತು. ಓಕಿ ಮಂಡಿಯೂರಿ ಕೂತ, ಡಾಂಬರಿನ ಮೇಲೆ ಎರಡೂ ಅಂಗೈ. ಚಿಕ್ಕವರೆಲ್ಲ ಕಿವಿಯಿಂದ ಹಾಡು ಕಿತ್ತು ಚಪ್ಪಾಳೆ ಹೊಡೆದರು. ಅವನನ್ನು ಇಬ್ಬರು ಎತ್ತಿ ಕಾರಿಗೆ ತಂದರು. ದಾರಿಯಲ್ಲಿ ಅವನು ತಂಗಿಯ ಕೈಯನ್ನು ಎರಡು ಸಲ ಒತ್ತಿದ. ಮನೆಗೆ ಬಂದು ಆಮ್ಲಜನಕದ ಕೊಳವೆ ಮೂಗಿಗಿಟ್ಟುಕೊಂಡು ಹೇಳಿದ: "ನೆಲದ ಮೇಲೆ ನಡ್ಯೋದು ಇಷ್ಟ್ ಕಷ್ಟ ಅಂತ ಗೊತ್ತಿದ್ರೆ ನಾನು ಮೇಲೆ ಬರ್ತಾನೇ ಇರ್ಲಿಲ್ಲ ಕಣೆ."

ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಸಂತೋಷಕ್ಕೋ ಇನ್ನೊಂದಕ್ಕೋ ಅವಳಿಗೇ ತಿಳಿಯಲಿಲ್ಲ.

ಮುಂದಿನದೆಲ್ಲ ಹೂವಿನ ಸರ ಎತ್ತಿದ ಹಾಗಾಯಿತು. ಕಾಲೇಜು ಅಂಕ ಕಳಿಸಿತು, ರಾಜಧಾನಿ ಲೆಕ್ಕಕ್ಕೆ ಸೇರಿಸಿತು, ವೃತ್ತಿಶಾಲೆಯ ಮುಖ್ಯೋಪಾಧ್ಯಾಯರು ತಾವೇ ಫೋನ್ ಮಾಡಿದರು: "ಜನವರಿ ಆರು ಸೋಮವಾರ ಹೊಸ ತಂಡ ಓಕಿ, ಹನ್ನೆರಡು ಜನ. ಬಂದುಬಿಡು ಮಾರಾಯ. ಆ ಫೆರಲ್‌ನನ್ನ ಆಫೀಸ್ ಕೆಲ್ಸಕ್ಕೆ ಹಾಕ್ತೀನಿ." ಓಕಿ ಬೀರುವಿನಿಂದ ಅಂಗಿ ತೆಗೆದು ಅವನೇ ಇಸ್ತ್ರಿ ಹಾಕಿದ.

ಡಿಸೆಂಬರ್ ಹತ್ತೊಂಬತ್ತಕ್ಕೆ ಪದವಿ ಪ್ರದಾನ. ಐಸ್‌ಕ್ರೀಮಿನ ಪೆಟ್ಟಿಗೆಗಳಿದ್ದ ಜಾಗದಲ್ಲಿ ಕುರ್ಚಿ ಹಾಕಿದ್ದರು. ಡಾಕ್ಟರ್ ಆಲ್ಡ್ರಿಜ್ ಬಂದಿದ್ದ, ಕೇಕು ಬಂದಿತ್ತು. "ಅರವತ್ತನಾಲ್ಕರಲ್ಲಿ ಪದವಿ! ಈ ರಾಜ್ಯದ ಭವಿಷ್ಯ ಇಲ್ಲಿ ಕೂತಿದೆ," ಎಂದು ಓಕಿಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡ. ಭವಿಷ್ಯಕ್ಕೆ ಉಸಿರು ಕಟ್ಟಿತು. ಒಂದು ನಿಮಿಷ ಗಾಳಿಗೆ ಹೋಗಿ ಬರುತ್ತೇನೆಂದು ಓಕಿ ಹೊರಗೆ ಹೋದ.

ಸೂರಿನ ಕೆಳಗೆ ಕಂಬಕ್ಕೆ ಒರಗಿ ನಿಂತ. ಮಳೆ ತಾಗದ ಕಂಬ. ಪರೀಕ್ಷೆಯ ದಿನ ತೋಳಿನಿಂದ ಒರೆಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಿಳಿ ಗೀಟುಗಳು ಇದ್ದ ಹಾಗೇ ಇದ್ದವು.

ಬೆರಳಿಟ್ಟು ಎಣಿಸಿದ. ಮತ್ತೆ ಕೆಳಗಿನಿಂದ ಮೇಲಕ್ಕೆ ಎಣಿಸಿದ.

ಒಳಗೆ ಬಂದು ಕೇಕು ಮುಟ್ಟದೆ ಕೂತ. ಕಾರಿನಲ್ಲಿ, ಹೊಳೆಯ ಸೇತುವೆ ದಾಟಿದ ಮೇಲೆ ಕೇಳಿದ:

"ಸಿಸ್, ಎಷ್ಟು ಸುತ್ತು ಅವತ್ತು?"

"ಹನ್ನೊಂದು."

"ಇನ್ನೊಂದ್ ಸಲ ಹೇಳು."

ಡ್ರೀಮಾ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಎಂಟು," ಎಂದ ಓಕಿ. "ಜನ್ಮದಲ್ಲಿ ಏಳೇ ಅಂದ್ಕೊಂಡಿದ್ದೆ. ಎಂಟು ಹಾಕಿದೀನಿ ನೋಡು. ಅದ್ರ ಖುಷಿನೂ ಇಲ್ದಂಗ್ ಮಾಡ್ಬಿಟ್ಟೆ."

"ಬಬ್, ಮೂರ್ ಸುತ್ತು. ಮೂರು ಸುತ್ತಿಗೆ ಯಾರ್ ಮನೆ ಮುಳುಗುತ್ತೆ?"

"ಹ್ಯಾಸಲ್ ಅವ್ವನ್ನ ಕೇಳು ಹೋಗು."

"ಹ್ಯಾಸಲ್ ವಿಷ್ಯಾನೇ ಹೇಳ್ತೀನಿ ಕೇಳು!" ಅವಳ ದನಿ ಏರಿತು. "ಜನವರಿ ಆರಕ್ಕೆ ಹನ್ನೆರಡು ಜನ ಬರ್ತಾರೆ. ನೀನು ಹೋಗ್ಲಿಲ್ಲ ಅಂದ್ರೆ ಆ ಫೆರಲ್ ಹೇಳ್ಕೊಡ್ತಾನೆ. ಮೇಲಿನ ಕಲ್ಲು ತಟ್ಟಿದ್ರೆ ಟಣ್ ಅನ್ಬೇಕೋ ಡಬ್ ಅನ್ಬೇಕೋ ಅವನಿಗೆ ಗೊತ್ತಿದ್ಯಾ? ನಿನ್ನ ಮೂರು ಸುತ್ತು ದೊಡ್ಡದಾ, ಅವ್ರ ಹನ್ನೆರಡು ಜೀವ ದೊಡ್ಡದಾ?"

ಅವಳ ಮಾತಿನಲ್ಲಿ ತಪ್ಪಿಲ್ಲವೆಂದು ಓಕಿಗೂ ಗೊತ್ತಿತ್ತು. ಅದೇ ಅವನನ್ನು ಹಿಂಡಿದ್ದು.

"ಮೊದಲ್ನೇ ದಿನ ನಾನು ಎದ್ದು ನಿಂತು ಏನ್ ಹೇಳ್ಬೇಕು? ಹೋಗ್ದೇ ಇರೋ ಜಾಗಕ್ಕೆ ಸುಣ್ಣ ಹಚ್ಬೇಡಿ ಅಂತ ಹೇಳ್ಬೇಕು. ಯಾವ್ ಬಾಯಲ್ಲಿ ಹೇಳ್ಲಿ? ಅದೊಂದು ಬಿಟ್ರೆ ನನ್ ಹತ್ರ ಕಲಿಸೋದು ಇನ್ನೇನೂ ಇಲ್ಲ." ಆಮೇಲೆ ಸೇರಿಸಿದ: "ಮನೆಗೆ ನಡೀರಿ, ಮಿಸೆಸ್ ಲಿಲ್ಲಿ."

ಆಫೀಸಿನವರು ಅವಳನ್ನು ಕರೆಯುವ ಹೆಸರು ಅದು. ಬಿಟ್ಟುಹೋದ ಗಂಡನ ಹೆಸರು.

ಮರುದಿನ ಡ್ರೀಮಾ ಆಲ್ಡ್ರಿಜ್‌ಗೆ ಫೋನ್ ಹಚ್ಚಿ ಎಲ್ಲ ಒಪ್ಪಿಕೊಂಡಳು. ಎಣಿಕೆ ತಪ್ಪು, ತಪ್ಪಲ್ಲ ಸುಳ್ಳು, ಪದವಿ ವಾಪಸ್ ತಗೊಳ್ಳಿ, ನನ್ನ ಕೆಲಸ ಬೇಕಾದರೆ ತೆಗೆಯಿರಿ, ಅವನಿಗೆ ಮಾರ್ಚ್ ತನಕ ಸಮಯ ಕೊಡಿ, ಎಂಟು ಹಾಕಿದವನು ಹನ್ನೊಂದೂ ಹಾಕುತ್ತಾನೆ.

"ಮಿಸೆಸ್ ಲಿಲ್ಲಿ, ವರದಿ ಹದಿನೈದನೇ ತಾರೀಖೇ ಹೋಗಿಬಿಟ್ಟಿದೆ," ಎಂದ ಆಲ್ಡ್ರಿಜ್, ಮಗುವಿಗೆ ಹೇಳುವ ಹಾಗೆ. "ಸೇರ್ಸೋಕೆ ಗುಂಡಿ ಇದೆ, ತೆಗಿಯೋಕೆ ಇಲ್ಲ. ತೆಗಿಬೇಕು ಅಂದ್ರೆ ಒಂದೇ ದಾರಿ. ನಿಮ್ಮಣ್ಣ ತೀರ್ಕೊಂಡಿದಾರಾ?"

"ಇಲ್ಲ."

"ಹಾಗಾದ್ರೆ ಪದವೀಧರ. ಜನವರಿ ಒಂಬತ್ತರ ತನಕ. ಆಮೇಲೆ ವಯಸ್ಸಾಯ್ತು ಅಂತ ತಾನಾಗೇ ಲೆಕ್ಕದಿಂದ ಬಿದ್ದೋಗ್ತಾರೆ. ಇಪ್ಪತ್ತು ದಿನಕ್ಕೆ ಯಾಕೆ ತಲೆ ಬಿಸಿ? ಈ ಸಲ ನೀವು ಒಂಬತ್ತು ಜನಾನ ಮುಗಿಸಿದೀರ. ಇಡೀ ದಕ್ಷಿಣ ಭಾಗಕ್ಕೆ ನೀವೇ ಮೊದಲು. ಶಾಭಾಸ್."

ಬೈಯುವವರೂ ಇಲ್ಲದ ತಪ್ಪನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು.

ಕ್ರಿಸ್‌ಮಸ್ ಹೋಯಿತು. ಮನೆಯಲ್ಲಿ ಮಾತಿರಲಿಲ್ಲ ಎಂದಲ್ಲ, ಓಕಿ ಮಾತಾಡುತ್ತಿದ್ದ. "ಬೀನ್ಸ್ ಒಲೆ ಮೇಲಿದೆ, ಮಿಸೆಸ್ ಲಿಲ್ಲಿ." "ಥ್ಯಾಂಕ್ಸ್, ಮಿಸೆಸ್ ಲಿಲ್ಲಿ." ಬೇಲಿಯಾಚೆಯ ಅಪರಿಚಿತರಿಗೂ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಆರನೆಯ ತಾರೀಖು ಸೋಮವಾರ ಬೆಳಗ್ಗೆ ಓಕಿ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಮೈ ಸರಿಯಿಲ್ಲ, ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ ಎಂದ. ಸುಳ್ಳು ಹೇಳಲಿಲ್ಲ, ಮೈ ನಿಜಕ್ಕೂ ಸರಿಯಿರಲಿಲ್ಲ. ಆಮೇಲೆ ಒಳಗಿನಿಂದ ದಪ್ಪ ಹಸಿರು ರಟ್ಟಿನ ನೋಟ್‌ಬುಕ್ ತಂದು ಡ್ರೀಮಾಳ ಮುಂದಿಟ್ಟ. ಹನ್ನೊಂದು ವರ್ಷದ ಪಾಠ, ಅವನ ಓರೆ ಅಕ್ಷರದಲ್ಲಿ. ಕಲ್ಲಿನ ಚಿತ್ರ, ಗಾಳಿಯ ದಾರಿಯ ಚಿತ್ರ, ಹ್ಯಾಸಲ್ ಬಿದ್ದ ಜಾಗದ ಚಿತ್ರ.

"ಇದನ್ನ ಆ ಫೆರಲ್‌ಗೆ ಕೊಡಿ. ಓದಿ ಹೇಳ್ಲಿ. ಅವ್ನು ಹೇಳಿದ್ರೂ ಸಾಕು."

ವೃತ್ತಿಶಾಲೆಯಲ್ಲಿ ಹನ್ನೆರಡು ಜನ ಆಗಲೇ ಕೂತಿದ್ದರು, ಹೊಸ ಬೂಟು ಹಾಕಿಕೊಂಡು. ಕೋಲ್ಟನ್ ಫೆರಲ್ ಕೆಟ್ಟ ಹುಡುಗನಲ್ಲ. ಎದ್ದು ನಿಂತು ಎರಡೂ ಕೈಯಲ್ಲಿ ನೋಟ್‌ಬುಕ್ ತೆಗೆದುಕೊಂಡ, ಒಂದೆರಡು ಪುಟ ತಿರುವಿದ.

"ತುಂಬಾ ಚೆನ್ನಾಗಿದೆ ಮ್ಯಾಮ್. ಆದ್ರೆ ಎಂಬತ್ತು ಗಂಟೆಗೆ ಸ್ಲೈಡ್ ಎಲ್ಲಾ ರಾಜಧಾನಿಯಿಂದಲೇ ಬಂದಿದೆ. ಅದ್ರಲ್ಲಿ ಇಲ್ದೇ ಇರೋದನ್ನ ನಾನು ಹೇಳಿದ್ರೆ ತಂಡದೋರಿಗೆ ಸರ್ಟಿಫಿಕೇಟ್ ಬರಲ್ಲ." ಹೇಳಿ, ನೋಟ್‌ಬುಕ್ಕನ್ನು ಜೋಪಾನವಾಗಿ ಕಪಾಟಿನ ಮೇಲೆ, ಹಳೆಯ ಹೆಲ್ಮೆಟ್ಟುಗಳ ಪಕ್ಕದಲ್ಲಿಟ್ಟ. ಗೋಡೆಯ ಮೇಲೆ ಮೊದಲ ಸ್ಲೈಡು ಬೆಳಗಿತು.

ಸಂಜೆ ಅವಳು ಮನೆಗೆ ಬಂದಾಗ ಓಕಿ ಬಾಗಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಚೌಕಟ್ಟು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು.

"ತಗೊಂಡ್ನಾ?"

"ತಗೊಂಡ."

"ಓದ್ತಾನಂತಾ?"

ಡ್ರೀಮಾ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಅದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳಬಹುದೋ ಅಷ್ಟು ಹೊತ್ತು ತೆಗೆದುಕೊಂಡಳು. "ನನ್ನೆದುರಿಗೇ ಓದಕ್ಕೆ ಶುರು ಮಾಡ್ದ."

"ಏನಾದ್ರೂ ಕೇಳಿದ್ನಾ?"

"ಕೇಳ್ದ. ಕಲ್ಲು ತಟ್ಟೋದು ಬರೀ ಕೋಲಲ್ಲೋ, ಇನ್ನೊಂದು ಕೈ ಮೇಲೆ ಇಟ್ಟು ನೋಡ್ಬೇಕೋ ಅಂತ."

ಓಕಿಯ ಮುಖದಲ್ಲಿ ಏನೋ ಸಡಿಲವಾಯಿತು. ಕುರ್ಚಿ ಎಳೆದುಕೊಂಡು ಕೂತ. "ಪರ್ವಾಗಿಲ್ಲ ಹುಡುಗ. ಅದೇ ಕೇಳ್ಬೇಕಾದ್ದು. ಒಂದ್ ಕೈಲಿ ತಟ್ಬೇಕು, ಇನ್ನೊಂದ್ ಕೈ ಬೆರಳು ಕಲ್ಲಿಗೆ ಮುಟ್ಟಿರ್ಬೇಕು. ಕಿವಿ ಮೋಸ ಮಾಡುತ್ತೆ, ಬೆರಳು ಮಾಡಲ್ಲ. ಬರ್ಕೋ ಸಿಸ್, ನಾಳೆ ಅವನಿಗೆ ಕೊಡು. ಬರ್ಕೋ."

ಅವಳು ಬರೆದುಕೊಂಡಳು.

ಒಂಬತ್ತನೆಯ ತಾರೀಖು ಅವನಿಗೆ ಅರವತ್ತೈದು ತುಂಬಿತು. ಕೇಕಿನ ಮೇಲೆ ಒಂದೇ ಮೇಣದಬತ್ತಿ. ಆರಿಸಲು ಅಷ್ಟೇ ಉಸಿರಿತ್ತು. ಕೇಕು ತಿನ್ನುವಾಗಲೂ ಅವನು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಎರಡು ವಾರದ ಕೊನೆಗೆ ಹನ್ನೆರಡೂ ಜನ ಸರ್ಟಿಫಿಕೇಟ್ ಪಡೆದು ಗಣಿಗೆ ಇಳಿದರು. ಫೆರಲ್ ಮುಂದಿನ ತಂಡ ಶುರು ಮಾಡಿದ. ಡ್ರೀಮಾಳ ಮೇಜಿನ ಕೆಳ ಖಾನೆಯಲ್ಲಿ ಹಾಳೆಗಳು ದಪ್ಪವಾಗುತ್ತಿದ್ದವು. ಪ್ರತಿ ಬೆಳಗ್ಗೆ ಫೋನ್ ಶುರು ಮಾಡುವ ಮುಂಚೆ ಹಿಂದಿನ ರಾತ್ರಿ ಬರೆದದ್ದನ್ನು ಅವಳು ಓದುತ್ತಿದ್ದಳು. ಓದದಿದ್ದರೆ ಸಂಜೆಗೆ ಹೊಸ ಪ್ರಶ್ನೆ ಹುಟ್ಟುವುದು ಹೇಗೆ?

"ಇವತ್ತು ಏನ್ ಕೇಳ್ದ?" ಎಂದ ಓಕಿ, ಅವಳು ಬಾಗಿಲು ದಾಟುವ ಮುಂಚೆಯೇ.

"ಗಾಳಿ ಬೀಸೋದು ತಟ್ಟನೆ ನಿಂತೋದ್ರೆ, ಮೊದಲು ಹೊರಗೆ ಓಡ್ಬೇಕೋ, ಜೊತೇಲಿರೋರನ್ನ ಕೂಗ್ಬೇಕೋ ಅಂತ."

"ಕೂಗೋಕೆ ಉಸಿರು ಖರ್ಚು ಮಾಡ್ಬಾರ್ದು," ಎಂದ ಓಕಿ. "ಕೂತ್ಕೋ. ಹೇಳ್ತೀನಿ."

ಅವಳು ಕೂತಳು. ಪೆನ್ನು ತೆಗೆದಳು.